ಮೂರು ಆಯಾಮದ ಗ್ರಾಫ್: ಅಂದವೂ ಪ್ರಾಮಾಣಿಕತೆಯೂ

(ಸಂಘದ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಸೀಮೆಯಲ್ಲಿ ಒಂದು ಹಳೆಯ ಮಾತಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಹಂಪಿಯ ಚೆಲುವು ಬಯಲಲ್ಲಿ ಹರಡಿಕೊಂಡಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಕೆತ್ತನೆ ಕಾಣಬೇಕಾದರೆ ಒಳಗೆ ಹೋಗಬೇಕು. ಎರಡೂ ಕಲ್ಲಿನ ಕೆಲಸವೇ. ಆದರೆ ಎಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಏನು ಕಾಣುತ್ತದೆ ಎಂಬುದು ನಿಂತಿದೆ. ಇಂದು ನಾನು ಹೇಳಬೇಕೆಂದಿರುವ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆಯಲಿಲ್ಲ.

ವಿಷಯ ಇಷ್ಟೇ. ನಿಮ್ಮಲ್ಲಿ ಬಿ.ಎಸ್ಸಿ., ಬಿ.ಸಿ.ಎ., ಎಂಜಿನಿಯರಿಂಗ್ ಓದುವವರು ಪೈಥಾನ್ ಕಲಿಯುತ್ತೀರಿ. ಪ್ರಾಜೆಕ್ಟ್ ವರದಿಯಲ್ಲಿ ಒಂದಾದರೂ ಮೂರು ಆಯಾಮದ ಗ್ರಾಫ್ ಇರಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಬರೆಯುವುದು ಈಗ ಕಷ್ಟವಲ್ಲ, ನಾಲ್ಕೈದು ಸಾಲು ಸಾಕು. ಬಣ್ಣ ಬದಲಿಸಲು ಒಂದು ಸಾಲು, ತಿರುಗಿಸಲು ಒಂದು ಸಾಲು, ಉದ್ದ ಮಾಡಲು ಇನ್ನೊಂದು ಸಾಲು. ಇದನ್ನು ಅಲಂಕಾರವೆಂದು ತಿಳಿದವರೇ ಹೆಚ್ಚು. ಅದು ಅಲಂಕಾರವಲ್ಲ. ಗ್ರಾಫಿನ ರೂಪದಲ್ಲಿ ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ನೋಡುವವನಿಗೆ ನೀವು ಹೇಳುವ ಒಂದು ಮಾತು. ಆ ಮಾತು ನಿಜವಿರಬೇಕು. ಇಂದಿನ ನನ್ನ ಭಾಷಣದ ಸಾರ ಇದೇ.

ಮೊದಲು ಸಾಧನದ ಬಗ್ಗೆ ಸ್ವಲ್ಪ. ಪೈಥಾನಿನಲ್ಲಿ ಗ್ರಾಫ್ ಬರೆಯಲು ಹೆಚ್ಚು ಬಳಕೆಯಲ್ಲಿರುವುದು ಮ್ಯಾಟ್‌ಪ್ಲಾಟ್‌ಲಿಬ್. ಇದನ್ನು ಕಟ್ಟಿದವರು ಜಾನ್ ಹಂಟರ್ ಎಂಬ ಅಮೆರಿಕದ ನರವಿಜ್ಞಾನಿ. ಮಿದುಳಿನ ವಿದ್ಯುತ್ ಅಲೆಗಳನ್ನು ತೆರೆಯ ಮೇಲೆ ನೋಡುವುದಕ್ಕಾಗಿ ತಮಗೇ ಬೇಕಾಗಿದ್ದ ಸಾಧನವನ್ನು ತಾವೇ ಬರೆದು, 2003ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. 2012ರಲ್ಲಿ ಅವರು ತೀರಿಕೊಂಡ ಮೇಲೂ ಜಗತ್ತಿನ ಹಲವರು ಸೇರಿ ಅದನ್ನು ಬೆಳೆಸುತ್ತ ಬಂದಿದ್ದಾರೆ. ಅದರೊಳಗಿನ ಮೂರು ಆಯಾಮದ ಭಾಗಕ್ಕೆ ಎಂಪ್ಲಾಟ್‌ತ್ರೀಡಿ ಎಂದು ಹೆಸರು. ಒಂದು ಪೈಸೆ ಕೊಡದೆ, ಸಾಧಾರಣ ಕಂಪ್ಯೂಟರಿನಲ್ಲಿಯೂ ಇದನ್ನು ಕಲಿಯಬಹುದು. ಕೊಟ್ಟೂರಿನಲ್ಲಾಗಲಿ ಕೂಡ್ಲಿಗಿಯಲ್ಲಾಗಲಿ ಕುಳಿತ ವಿದ್ಯಾರ್ಥಿಯ ಕೈಗೆ ಸಿಗುವುದೂ ಅಮೆರಿಕದ ವಿಶ್ವವಿದ್ಯಾಲಯದವರು ಬಳಸುವುದೂ ಒಂದೇ ಸಾಧನ. ಇದು ಸಣ್ಣ ಸಂಗತಿಯಲ್ಲ.

ಒಂದು ಸೂಚನೆ: ಇಲ್ಲಿ ಆಜ್ಞೆಗಳ ಹೆಸರನ್ನು ಕನ್ನಡ ಅಕ್ಷರದಲ್ಲಿಯೇ ಹೇಳುತ್ತೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆಯಬೇಕು.

ಬರಿಯ ಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ. ನಮ್ಮದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ತುಂಗಭದ್ರಾ ಜಲಾಶಯದ ಹಿನ್ನೀರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರೆಗೂ ಬರುತ್ತದೆ. 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹೂಳು ತುಂಬುತ್ತ ಬಂದು, ಇತ್ತೀಚಿನ ವರ್ಷಗಳಲ್ಲಿ ಲೆಕ್ಕಕ್ಕೆ ಹಿಡಿಯುತ್ತಿರುವುದು 105.788 ಟಿಎಂಸಿ. ಐದರಲ್ಲಿ ಒಂದು ಪಾಲು ನೀರಿನ ಜಾಗವನ್ನು ಮಣ್ಣು ತಿಂದಿದೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಹೋಟೆಲಿನಲ್ಲಿ ಚಹಾ ಕುಡಿಯುವವರೂ ಟಿಎಂಸಿ ಲೆಕ್ಕ ಹೇಳುತ್ತಿದ್ದರು. ಈಗ ನಿಮ್ಮ ಕೈಗೆ ಜಲಾಶಯದ ತಳದ ಅಳತೆಗಳು ಬಂದಿವೆ ಎಂದು ಭಾವಿಸಿ. ದೋಣಿಯಲ್ಲಿ ಹೋಗಿ ಶಬ್ದದ ಅಲೆ ಬಿಟ್ಟು ಆಳ ಅಳೆಯುತ್ತಾರೆ; ಪ್ರತಿ ಸ್ಥಳಕ್ಕೂ ಪೂರ್ವ–ಪಶ್ಚಿಮ ಒಂದು ಅಂಕಿ, ಉತ್ತರ–ದಕ್ಷಿಣ ಒಂದು ಅಂಕಿ, ಆಳ ಒಂದು ಅಂಕಿ. ಮೂರು ಅಂಕಿಗಳಿರುವುದರಿಂದ ಮೂರು ಆಯಾಮದ ಗ್ರಾಫ್ ಇಲ್ಲಿ ನಿಜವಾಗಿಯೂ ಸಲ್ಲುತ್ತದೆ.

ಆಳದ ಅಂಕಿಗಳನ್ನು ಹಾಗೆಯೇ ಕೊಟ್ಟು ‘ಪ್ಲಾಟ್ ಸರ್ಫೇಸ್’ ಎಂದು ಆಜ್ಞೆ ಮಾಡಿದರೆ ಮೊದಲ ಎಡವಟ್ಟು ಅಲ್ಲೇ ಆಗುತ್ತದೆ. ಆಳವನ್ನು ಪಟ್ಟಿಯಲ್ಲಿ ಧನ ಸಂಖ್ಯೆಯಾಗಿ ಬರೆದಿರುತ್ತಾರೆ. ಕಂಪ್ಯೂಟರಿಗೆ ಆಳವೂ ಗೊತ್ತಿಲ್ಲ, ಎತ್ತರವೂ ಗೊತ್ತಿಲ್ಲ. ದೊಡ್ಡ ಸಂಖ್ಯೆ ಮೇಲೆ, ಸಣ್ಣ ಸಂಖ್ಯೆ ಕೆಳಗೆ. ಹಾಗಾಗಿ ಜಲಾಶಯದ ಅತಿ ಆಳದ ಗುಂಡಿ ಗ್ರಾಫಿನಲ್ಲಿ ಅತಿ ಎತ್ತರದ ಗುಡ್ಡವಾಗಿ ನಿಲ್ಲುತ್ತದೆ. ‘ಇನ್ವರ್ಟ್ ಝಡ್‌ಆಕ್ಸಿಸ್’ ಎಂಬ ಆಜ್ಞೆಯಿಂದ ನಿಲುವು ಅಕ್ಷವನ್ನು ತಲೆಕೆಳಗು ಮಾಡಬಹುದು, ಇಲ್ಲವೇ ಆಳದ ಬದಲು ಸಮುದ್ರಮಟ್ಟದಿಂದ ಎತ್ತರವನ್ನೇ ಲೆಕ್ಕ ಹಾಕಿ ಕೊಡಬಹುದು. ಎರಡನೆಯದೇ ಉತ್ತಮ, ಏಕೆಂದರೆ ಆಗ ಅಕ್ಷದ ಮೇಲಿನ ಅಂಕಿಯನ್ನು ಯಾರು ಬೇಕಾದರೂ ಓದಬಹುದು.

ಎರಡನೆಯದು ನೋಟದ ಕೋನ. ‘ವ್ಯೂ ಇನಿಟ್’ ಎಂಬ ಆಜ್ಞೆಗೆ ಮುಖ್ಯವಾಗಿ ಎರಡು ಅಂಕಿ ಕೊಡುತ್ತೇವೆ. ‘ಎಲೆವ್’ ಎಂದರೆ ಎಷ್ಟು ಎತ್ತರದಿಂದ ನೋಡುವುದು, ‘ಅಜಿಮ್’ ಎಂದರೆ ಯಾವ ದಿಕ್ಕಿನಿಂದ ನೋಡುವುದು. ನೀವೇನೂ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಎಲೆವ್ 30 ಡಿಗ್ರಿ, ಅಜಿಮ್ ಮೈನಸ್ 60 ಡಿಗ್ರಿ ಇಟ್ಟುಕೊಳ್ಳುತ್ತದೆ. ಎಕ್ಸ್ ಅಕ್ಷ ಪೂರ್ವಕ್ಕೂ ವೈ ಅಕ್ಷ ಉತ್ತರಕ್ಕೂ ಇದ್ದರೆ, ಇದು ದಕ್ಷಿಣ–ಆಗ್ನೇಯದ ಕಡೆಯಿಂದ ನೋಡಿದ ಹಾಗೆ. ಅಜಿಮ್ 0 ಕೊಟ್ಟರೆ ಪೂರ್ವದಿಂದ, 90 ಕೊಟ್ಟರೆ ಉತ್ತರದಿಂದ, ಮೈನಸ್ 90 ಕೊಟ್ಟರೆ ದಕ್ಷಿಣದಿಂದ ನೋಡುತ್ತೀರಿ. ಎಲೆವ್ 90, ಅಜಿಮ್ ಮೈನಸ್ 90 ಕೊಟ್ಟರೆ ನೇರ ಮೇಲಿನಿಂದ, ಗೋಡೆಯ ಭೂಪಟದಂತೆಯೇ ಕಾಣುತ್ತದೆ.

ಇದರಲ್ಲಿ ಎಚ್ಚರವೇನು? ಮುಂದಿರುವ ದಿಬ್ಬವು ಹಿಂದಿನ ತಗ್ಗನ್ನು ಮರೆಮಾಡುತ್ತದೆ. ಯಾವ ಕೋನದಿಂದ ನೋಡಿದರೂ ಏನೋ ಒಂದು ಮರೆಯಾಗಿಯೇ ತೀರುತ್ತದೆ. ನದಿ ಜಲಾಶಯಕ್ಕೆ ಸೇರುವ ಕಡೆ ನೀರಿನ ವೇಗ ಕುಗ್ಗಿ ಮರಳು ಮೊದಲು ಅಲ್ಲೇ ಕೂಡುತ್ತದೆ. ನುಣ್ಣನೆಯ ಹೂಳು ಮುಂದೆ ಸಾಗುತ್ತದೆ. ಹೂಳು ದಟ್ಟವಾಗಿರುವ ಭಾಗ ದಿಬ್ಬದ ಹಿಂದೆ ಬೀಳುವಂಥ ಕೋನವನ್ನು ಆರಿಸಿದರೆ, ಒಂದು ಅಂಕಿಯನ್ನೂ ತಿದ್ದದೆ ನೀವು ಹೂಳನ್ನು ಮುಚ್ಚಿಟ್ಟಂತಾಯಿತು. ಆದ್ದರಿಂದ ವರದಿಯಲ್ಲಿ ಒಂದೇ ಕೋನದ ಚಿತ್ರ ಹಾಕಬೇಡಿ. ಎರಡು ದಿಕ್ಕಿನಿಂದ ಒಂದೊಂದು, ಮೇಲಿನಿಂದ ಒಂದು, ಹೀಗೆ ಮೂರು ಹಾಕಿ. ಯಾವ ದಿಕ್ಕಿನಿಂದ ನೋಡಿದ್ದೆಂದು ಅಡಿಬರಹದಲ್ಲಿ ಬರೆಯಿರಿ.

ಇದರ ಜೊತೆಗೇ ಇನ್ನೊಂದು ಮಾತು. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕಣ್ಣಿನ ದೃಷ್ಟಿಯಂತೆ ಬರೆಯುತ್ತದೆ, ಅಂದರೆ ದೂರದ್ದು ಚಿಕ್ಕದಾಗಿ ಕಾಣುತ್ತದೆ. ಚಿತ್ರಕ್ಕೆ ಅದು ಸೊಗಸು, ಅಳತೆಗೆ ತೊಡಕು. ಎತ್ತರಗಳನ್ನು ಹೋಲಿಸಿ ನೋಡಬೇಕಾದಲ್ಲಿ ‘ಸೆಟ್ ಪ್ರೊಜ್ ಟೈಪ್’ ಆಜ್ಞೆಗೆ ‘ಆರ್ಥೊ’ ಎಂದು ಕೊಡಿ. ಆಗ ದೂರದ ಕಂಬವೂ ಹತ್ತಿರದ ಕಂಬವೂ ಒಂದೇ ಅಳತೆಯಲ್ಲಿ ಬರುತ್ತವೆ.

ಮೂರನೆಯದೇ ಅತಿ ಮುಖ್ಯವಾದದ್ದು: ಪ್ರಮಾಣ. ದಯವಿಟ್ಟು ಈ ಲೆಕ್ಕವನ್ನು ನನ್ನೊಂದಿಗೆ ಮಾಡಿ. ಜಲಾಶಯ ತುಂಬಿದಾಗ ಅದರ ಹರವು ಸುಮಾರು 378 ಚದರ ಕಿಲೋಮೀಟರ್. ಲೆಕ್ಕದ ಸುಲಭಕ್ಕಾಗಿ ಅದನ್ನು ಚೌಕವೆಂದುಕೊಂಡರೆ ಒಂದೊಂದು ಬದಿ 19.4 ಕಿಲೋಮೀಟರ್. ಅಣೆಕಟ್ಟಿನ ಎತ್ತರವೇ ಸುಮಾರು 49 ಮೀಟರ್, ಆದ್ದರಿಂದ ಆಳ 50 ಮೀಟರ್ ಮೀರುವುದಿಲ್ಲ. ನಿಮ್ಮ ಕಾಗದದ ಮೇಲೆ 20 ಸೆಂಟಿಮೀಟರ್ ಅಗಲದ ಚಿತ್ರ ಬರೆದರೆ, ನಿಜವಾದ ಪ್ರಮಾಣದಲ್ಲಿ ಆ ಆಳ ಅರ್ಧ ಮಿಲಿಮೀಟರ್ ಮಾತ್ರ! ಇನ್ನು ಹೂಳಿನ ಲೆಕ್ಕ. 133 ಟಿಎಂಸಿ ನೀರನ್ನು ಆ ಹರವಿನ ಮೇಲೆ ಸಮನಾಗಿ ಹರಡಿದರೆ ಸರಾಸರಿ ಆಳ ಸುಮಾರು 10 ಮೀಟರ್. 105.788 ಟಿಎಂಸಿಯನ್ನು ಹರಡಿದರೆ ಸುಮಾರು 8 ಮೀಟರ್. ಅಂತೂ ಎಪ್ಪತ್ತು ವರ್ಷದ ಹೂಳು ಸರಾಸರಿ 2 ಮೀಟರ್. ನಿಮ್ಮ ಕಾಗದದಲ್ಲಿ ಅದು ಮಿಲಿಮೀಟರಿನ ಐವತ್ತನೆಯ ಒಂದು ಭಾಗ, ತಲೆಗೂದಲಿಗಿಂತ ತೆಳುವು.

ಐದರಲ್ಲಿ ಒಂದು ಪಾಲು ನೀರನ್ನು ಕಸಿದುಕೊಂಡ ಹೂಳು ನಿಜ ಪ್ರಮಾಣದ ಚಿತ್ರದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಎತ್ತರವನ್ನು ಹಿಗ್ಗಿಸಲೇಬೇಕು. ಹಿಗ್ಗಿಸುವುದು ಸುಳ್ಳಲ್ಲ, ಎಷ್ಟು ಹಿಗ್ಗಿಸಿದಿರಿ ಎಂದು ಹೇಳದಿರುವುದು ಸುಳ್ಳು. ನೀವು ಏನೂ ಹೇಳದಿದ್ದರೆ ಮ್ಯಾಟ್‌ಪ್ಲಾಟ್‌ಲಿಬ್ ಪೆಟ್ಟಿಗೆಯನ್ನು 4, 4, 3 ಎಂಬ ಪ್ರಮಾಣದಲ್ಲಿ ಕಟ್ಟುತ್ತದೆ. ಅಂದರೆ 50 ಮೀಟರ್ ಆಳವನ್ನು 19.4 ಕಿಲೋಮೀಟರ್ ಅಗಲದ ಮುಕ್ಕಾಲು ಭಾಗಕ್ಕೆ ಎಳೆಯುತ್ತದೆ: ಸುಮಾರು 290 ಪಟ್ಟು. ನಮ್ಮ ಜಲಾಶಯ ಹಿಮಾಲಯದ ಕಣಿವೆಯಂತೆ ಕಾಣುತ್ತದೆ, ಅದನ್ನು ನೋಡಿದವನು ಬೆಚ್ಚಿ ಬೀಳುತ್ತಾನೆ. ‘ಸೆಟ್ ಬಾಕ್ಸ್ ಆಸ್ಪೆಕ್ಟ್’ ಎಂಬ ಆಜ್ಞೆಯಿಂದ 4, 4, 1 ಎಂದು ನೀವೇ ಕೊಟ್ಟರೆ ಹಿಗ್ಗು ಸುಮಾರು 97 ಪಟ್ಟಿಗೆ ಇಳಿಯುತ್ತದೆ. ಈ ಅಂಕಿಯನ್ನು ಚಿತ್ರದ ಕೆಳಗೆ ಬರೆಯಿರಿ: ಎತ್ತರವನ್ನು ಸುಮಾರು 97 ಪಟ್ಟು ಹಿಗ್ಗಿಸಿದೆ. ಈ ಒಂದು ಸಾಲು ನಿಮ್ಮ ವರದಿಯನ್ನು ಪ್ರಾಮಾಣಿಕ ವರದಿಯನ್ನಾಗಿ ಮಾಡುತ್ತದೆ. ಮೂರೂ ಅಕ್ಷಗಳು ಒಂದೇ ಮಾನದಲ್ಲಿರುವ ವಸ್ತುಗಳಿಗೆ, ಉದಾಹರಣೆಗೆ ಯಂತ್ರದ ಒಂದು ಬಿಡಿಭಾಗಕ್ಕೆ, ‘ಸೆಟ್ ಆಸ್ಪೆಕ್ಟ್’ ಆಜ್ಞೆಯಲ್ಲಿ ‘ಈಕ್ವಲ್’ ಎಂದು ಕೊಡಬೇಕು. 2022ರ 3.6ನೇ ಆವೃತ್ತಿಯಿಂದ ಈ ಸೌಲಭ್ಯ ಮೂರು ಆಯಾಮಕ್ಕೂ ಇದೆ.

ನಾಲ್ಕನೆಯದು ಕಣ್ಣಿಗೆ ಕಾಣದ ಒಂದು ಉಳಿತಾಯ. ಪ್ಲಾಟ್ ಸರ್ಫೇಸ್ ನೀವು ಕೊಟ್ಟ ಎಲ್ಲ ಬಿಂದುಗಳನ್ನೂ ಬರೆಯುವುದಿಲ್ಲ. ವೇಗಕ್ಕಾಗಿ ಒಂದು ದಿಕ್ಕಿನಲ್ಲಿ ಹೆಚ್ಚೆಂದರೆ 50ರಂತೆ ಆಯ್ದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ. ನಿಮ್ಮ ಅಳತೆ 30 ಮೀಟರಿಗೊಂದು ಇದ್ದರೂ ಚಿತ್ರದಲ್ಲಿ ಸುಮಾರು 390 ಮೀಟರಿಗೊಂದು ಬಿಂದು ಉಳಿಯುತ್ತದೆ. ಕಿರಿದಾದ ಹಳ್ಳದ ಹಾದಿಯೊಂದು ತಳದಲ್ಲಿದ್ದರೆ ಅದು ತುಂಡು ತುಂಡಾಗುತ್ತದೆ, ಇಲ್ಲವೇ ಮಾಯವಾಗುತ್ತದೆ. ‘ಆರ್‌ಕೌಂಟ್’ ಮತ್ತು ‘ಸಿಕೌಂಟ್’ ಎಂಬ ಎರಡು ಅಂಕಿಗಳನ್ನು ನೀವೇ ಹೆಚ್ಚಿಸಬೇಕು. ಕಂಪ್ಯೂಟರ್ ನಿಧಾನವಾದರೆ ಆಗಲಿ, ಕೊನೆಯ ಚಿತ್ರವನ್ನಾದರೂ ಪೂರ್ಣ ಬಿಂದುಗಳೊಂದಿಗೆ ತೆಗೆಯಿರಿ.

ಐದನೆಯದು ಬಣ್ಣ. ‘ಸಿಮ್ಯಾಪ್’ ಎಂಬ ಮಾತಿನಿಂದ ಬಣ್ಣದ ಸಾಲನ್ನು ಆರಿಸುತ್ತೇವೆ. ಹಿಂದೆ ‘ಜೆಟ್’ ಎಂಬ ಕಾಮನಬಿಲ್ಲಿನ ಬಣ್ಣಗಳೇ ತಾನಾಗಿ ಬರುತ್ತಿದ್ದವು. ಆ ಸಾಲಿನಲ್ಲಿ ನಡುವೆ ಹಳದಿಯೂ ತಿಳಿ ನೀಲಿಯೂ ಥಟ್ಟನೆ ಹೊಳೆಯುತ್ತವೆ. ಅಂಕಿಯಲ್ಲಿ ಏನೂ ವಿಶೇಷವಿಲ್ಲದ ಕಡೆ ಕಣ್ಣಿಗೆ ಒಂದು ಅಂಚು ಇರುವಂತೆ ಭ್ರಮೆಯಾಗುತ್ತದೆ. ಅದಕ್ಕಾಗಿ 2017ರಲ್ಲಿ ಬಂದ 2.0ನೇ ಆವೃತ್ತಿಯಿಂದ ‘ವಿರಿಡಿಸ್’ ಎಂಬ ಸಾಲು ತಾನಾಗಿ ಬರುವಂತೆ ಮಾಡಿದರು. ಅದು ಗಾಢ ನೇರಳೆಯಿಂದ ಹಸಿರಿನ ಮೂಲಕ ಹಳದಿಯವರೆಗೆ ಒಂದೇ ಸಮನೆ ತಿಳಿಯಾಗುತ್ತ ಹೋಗುತ್ತದೆ. ಕೆಂಪು ಹಸಿರು ಬಣ್ಣಗಳ ಭೇದ ತಿಳಿಯದವರೂ ಅದನ್ನು ಓದಬಲ್ಲರು. ಅಂಥವರು ಪ್ರತಿ ತರಗತಿಯಲ್ಲಿಯೂ ಇರಬಹುದು, ಹೇಳಿಕೊಳ್ಳುವುದಿಲ್ಲ ಅಷ್ಟೇ. ಇನ್ನೊಂದು ಲಾಭ ನಮ್ಮಂಥವರಿಗೆ: ವಾರ್ಷಿಕ ಸಂಚಿಕೆಯ ಕಪ್ಪು ಬಿಳುಪು ಪುಟದಲ್ಲಿ ಅಚ್ಚಾದರೂ, ಝೆರಾಕ್ಸ್ ತೆಗೆದರೂ ತಗ್ಗು ಉಬ್ಬುಗಳ ಕ್ರಮ ಕೆಡುವುದಿಲ್ಲ.

ಬಣ್ಣದ ವಿಷಯದಲ್ಲಿ ಎರಡು ವರ್ಷದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಡುವಾಗ ಹೆಚ್ಚು ಎಚ್ಚರ ಬೇಕು. ಪ್ರತಿ ಚಿತ್ರವೂ ತನ್ನ ಅತಿ ಕಡಿಮೆ ಅಂಕಿಗೆ ನೇರಳೆ, ತನ್ನ ಅತಿ ಹೆಚ್ಚಿನ ಅಂಕಿಗೆ ಹಳದಿ ಹಚ್ಚಿಕೊಳ್ಳುತ್ತದೆ. 1953ರ ನೇರಳೆಯೂ ಇಂದಿನ ನೇರಳೆಯೂ ಬೇರೆ ಬೇರೆ ಎತ್ತರವಾಗಿರಬಹುದು! ‘ವಿಮಿನ್’, ‘ವಿಮ್ಯಾಕ್ಸ್’ ಎಂಬ ಎರಡು ಅಂಕಿಗಳನ್ನು ಎರಡೂ ಚಿತ್ರಗಳಿಗೆ ಒಂದೇ ಆಗಿ ಕೊಡಿ, ನಿಲುವು ಅಕ್ಷದ ಮಿತಿಯನ್ನೂ ಒಂದೇ ಇಡಿ. ಪಕ್ಕದಲ್ಲಿ ‘ಕಲರ್‌ಬಾರ್’ ಇರಲೇಬೇಕು. ಕಲರ್‌ಬಾರ್ ಇಲ್ಲದ ಬಣ್ಣ ಬರೀ ಸುಣ್ಣಬಣ್ಣ.

ಆರನೆಯದು ಪಾರದರ್ಶಕತೆ. ‘ಆಲ್ಫಾ’ ಎಂಬ ಅಂಕಿ 1 ಇದ್ದರೆ ಮೇಲ್ಮೈ ಗಟ್ಟಿ, 0 ಇದ್ದರೆ ಕಾಣುವುದೇ ಇಲ್ಲ. ನೀರಿನ ಮಟ್ಟವನ್ನು 0.3ರಷ್ಟು ತೆಳುವಾಗಿ ಬರೆದು ಅದರ ಕೆಳಗೆ ತಳವನ್ನು ಬರೆದರೆ, ಒಳಗಿನದು ಹೊರಗಿನಿಂದಲೇ ಕಾಣುತ್ತದೆ. ಚೆನ್ನಾದ ಉಪಾಯ. ಆದರೆ ಒಂದು ಮಿತಿಯುಂಟು. ಮ್ಯಾಟ್‌ಪ್ಲಾಟ್‌ಲಿಬ್ ಮೂಲತಃ ಸಮತಲದ ಚಿತ್ರಕಾರ. ಒಂದು ಮೇಲ್ಮೈಯನ್ನು ಬರೆದು ಅದರ ಮೇಲೆ ಇನ್ನೊಂದನ್ನು ಬಳಿಯುತ್ತದೆ. 1953ರ ತಳವೂ ಇಂದಿನ ತಳವೂ ಕೆಲವು ಕಡೆ ಒಂದನ್ನೊಂದು ಹಾಯ್ದು ಹೋದರೆ, ಹಿಂದಿರಬೇಕಾದದ್ದು ಮುಂದೆ ಬಂದು ನಿಲ್ಲುತ್ತದೆ. ಇಂಥ ಕೆಲಸಕ್ಕೆ ‘ಪ್ಲಾಟ್ಲಿ’ ಎಂಬ ಇನ್ನೊಂದು ಲೈಬ್ರರಿ ಉತ್ತಮ. ಅದು ಬ್ರೌಸರಿನಲ್ಲಿ ಪ್ರತಿ ಬಿಂದುವಿನ ದೂರವನ್ನೂ ಲೆಕ್ಕ ಹಾಕಿ ಬರೆಯುತ್ತದೆ, ನೋಡುವವನು ಬೆರಳಿನಿಂದ ತಾನೇ ತಿರುಗಿಸಿ ನೋಡಬಹುದು. ಅದಕ್ಕಿಂತಲೂ ಸರಳ ಉಪಾಯ ಬೇರೆಯಿದೆ: ಇಂದಿನ ಎತ್ತರದಿಂದ ಹಿಂದಿನ ಎತ್ತರವನ್ನು ಕಳೆದು, ಆ ವ್ಯತ್ಯಾಸವನ್ನೇ ಸಮತಲ ಭೂಪಟದ ಮೇಲೆ ಬಣ್ಣದಲ್ಲಿ ತೋರಿಸುವುದು. ಎಲ್ಲಿ ಎಷ್ಟು ಹೂಳು ಎಂಬುದಕ್ಕೆ ಇದಕ್ಕಿಂತ ನೇರ ಉತ್ತರವಿಲ್ಲ.

ಏಳನೆಯದು ಸಣ್ಣಪುಟ್ಟ ವಿಷಯಗಳು. ಗ್ರಾಫಿನ ಹಿಂದಿನ ಮೂರು ಬೂದು ಗೋಡೆಗಳಿಗೆ ‘ಪೇನ್’ ಎಂದು ಹೆಸರು. ಅವುಗಳ ಬಣ್ಣ ಬಿಳಿ ಮಾಡಿದರೆ ಅಚ್ಚಿನಲ್ಲಿ ಚಿತ್ರ ತಿಳಿಯಾಗುತ್ತದೆ. ಗೀಟುಗಳನ್ನು ಪೂರ್ತಿ ತೆಗೆಯಬೇಡಿ. ಅವಿಲ್ಲದಿದ್ದರೆ ಎತ್ತರ ಅಂದಾಜಿಸಲು ಕಣ್ಣಿಗೆ ಆಸರೆಯೇ ಇರುವುದಿಲ್ಲ. ಅಕ್ಷಗಳಿಗೆ ಹೆಸರು, ಮಾನ ಎರಡೂ ಬೇಕು: ಮೀಟರೋ ಅಡಿಯೋ ಸ್ಪಷ್ಟವಾಗಿರಲಿ. ಕನ್ನಡದಲ್ಲಿ ಹೆಸರು ಬರೆಯಲು ಬಯಸುವವರಿಗೆ ಒಂದು ಮಾತು. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಅಕ್ಷರಗುಚ್ಛದಲ್ಲಿ ಕನ್ನಡವಿಲ್ಲ, ಖಾಲಿ ಚೌಕಗಳು ಬರುತ್ತವೆ. ‘ನೋಟೋ ಸಾನ್ಸ್ ಕನ್ನಡ’ದಂಥ ಫಾಂಟನ್ನು ಹೆಸರಿಸಿ ಕೊಟ್ಟರೆ ಅಕ್ಷರ ಬರುತ್ತವೆ, ಆದರೆ ಹಲವು ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು ಬೀಳುತ್ತವೆ. ಆದ್ದರಿಂದ ಅಚ್ಚಿಗೆ ಕೊಡುವ ಮುನ್ನ ಒಂದೊಂದು ಪದವನ್ನೂ ಓದಿ ನೋಡಿ. ಕೆಟ್ಟಿದ್ದರೆ ಚಿತ್ರದಲ್ಲಿ ಬರೀ ಅಂಕಿ ಇಟ್ಟು, ಕನ್ನಡವನ್ನು ಅಡಿಬರಹದಲ್ಲಿ ಬರೆಯಿರಿ.

ಕೊನೆಯದಾಗಿ, ಮೂರು ಆಯಾಮ ಯಾವಾಗ ಬೇಡ ಎಂಬುದು. ಜಲಾಶಯದ ಸಾಮರ್ಥ್ಯ ಅಂದು 133, ಇಂದು 105.788 ಎಂದು ತೋರಿಸಲು ಎರಡು ಅಂಕಿ ಸಾಕು, ಎರಡು ಚಪ್ಪಟೆ ಕಂಬ ಸಾಕು. ಅವುಗಳಿಗೆ ದಪ್ಪ, ನೆರಳು, ಓರೆ ಕೊಟ್ಟು ದಿಮ್ಮಿಗಳಂತೆ ನಿಲ್ಲಿಸುವವರಿದ್ದಾರೆ. ಆಗ ಕಂಬದ ತುದಿ ಯಾವುದು, ಮುಂದಿನ ಅಂಚೋ ಹಿಂದಿನ ಅಂಚೋ ಎಂದು ತಿಳಿಯುವುದಿಲ್ಲ. ಹಿಂದಿನ ಸಾಲಿನ ಕಂಬ ಮುಂದಿನದರ ಮರೆಗೆ ಹೋಗುತ್ತದೆ. ಮೂರನೆಯ ಅಂಕಿಯೇ ಇಲ್ಲದಲ್ಲಿ ಮೂರನೆಯ ಆಯಾಮ ಬರೀ ಆಡಂಬರ. ಕಂಬಗಳು ಸೊನ್ನೆಯಿಂದಲೇ ಆರಂಭವಾಗಲಿ. ನೂರರಿಂದ ಆರಂಭಿಸಿದರೆ ಐದರಲ್ಲಿ ಒಂದು ಪಾಲಿನ ನಷ್ಟ ಸರ್ವನಾಶದಂತೆ ಕಾಣುತ್ತದೆ.

ವಿದ್ಯಾರ್ಥಿ ಮಿತ್ರರೇ, ಇದೆಲ್ಲ ಪರೀಕ್ಷೆಯ ಅಂಕಕ್ಕಾಗಿ ಹೇಳಿದ ಮಾತಲ್ಲ. ನಮ್ಮದು ಮಳೆ ಕಡಿಮೆಯಿರುವ ಸೀಮೆ. ಕೊಳವೆಬಾವಿ ಎಷ್ಟು ಅಡಿಗೆ ಹೋಯಿತು, ಕೆರೆಗೆ ನೀರು ಹರಿಸುವ ಯೋಜನೆ ಯಾರ ಹೊಲದ ಮೇಲೆ ಹಾದುಹೋಗುತ್ತದೆ, ಇಂಥ ಮಾತುಗಳು ನಾಳೆ ನಿಮ್ಮೂರಿನ ಸಭೆಯಲ್ಲಿ ಗೋಡೆಯ ಮೇಲೆ ಬಣ್ಣದ ಚಿತ್ರವಾಗಿ ಬರುತ್ತವೆ. ಚಿತ್ರ ತಿರುಗುತ್ತದೆ, ಹೊಳೆಯುತ್ತದೆ, ಸಭೆ ಚಪ್ಪಾಳೆ ತಟ್ಟುತ್ತದೆ. ಅಲ್ಲಿ ಎದ್ದು ನಿಂತು ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದೀರಿ, ಆ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ವಿನಯದಿಂದ ಕೇಳಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಪ್ರತಿ ಊರಿನಲ್ಲಿಯೂ ಇರಬೇಕು. ಕೇಳಲು ಬರಬೇಕಾದರೆ ಮಾಡಲು ಬರಬೇಕು. ತಂದೆ ತಾಯಿ ಕಷ್ಟಪಟ್ಟು ಓದಿಸಿದ್ದಕ್ಕೆ ನೌಕರಿ ಒಂದು ಫಲವಾದರೆ, ಇದು ಇನ್ನೊಂದು ಫಲ.

ಆದ್ದರಿಂದ ಒಂದು ಕೆಲಸ ಹೇಳಿ ಮುಗಿಸುತ್ತೇನೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಸುಮಾರು 30 ಮೀಟರಿಗೊಂದು ಅಳತೆಯಂತೆ ಆ ಅಂಕಿಗಳು ಉಚಿತವಾಗಿ ಸಿಗುತ್ತವೆ. ರೇಡಾರ್ ನೀರಿನ ತಳವನ್ನು ಕಾಣಲಾರದು, ಹಾಗಾಗಿ ಜಲಾಶಯ ಅದರಲ್ಲಿ ಚಪ್ಪಟೆಯಾಗಿಯೇ ಇರುತ್ತದೆ. ಆದರೆ ನಿಮ್ಮೂರಿನ ಗುಡ್ಡ, ಹಳ್ಳ, ಕೆರೆಯ ಅಂಗಳ ಎಲ್ಲವೂ ಇದೆ. ಉಜ್ಜಿನಿಯವರು ಉಜ್ಜಿನಿಯದು, ಹರಪನಹಳ್ಳಿಯವರು ಹರಪನಹಳ್ಳಿಯದು ತೆಗೆದುಕೊಳ್ಳಿ. ಮಳೆನೀರು ಯಾವ ಕಡೆ ಹರಿಯುತ್ತದೆ ಎಂದು ತೋರುವಂತೆ ಒಂದು ಮೂರು ಆಯಾಮದ ಗ್ರಾಫ್ ಬರೆಯಿರಿ. ಅದರ ಕೆಳಗೆ ನಾಲ್ಕು ವಿಷಯ ಬರೆಯಿರಿ: ಯಾವ ದಿಕ್ಕಿನಿಂದ ನೋಡಿದ್ದು, ಎತ್ತರ ಎಷ್ಟು ಪಟ್ಟು ಹಿಗ್ಗಿದೆ, ಬಣ್ಣದ ಅಳತೆ ಯಾವುದು, ಎಷ್ಟು ಬಿಂದುಗಳನ್ನು ಬಳಸಿದ್ದು. ಆಮೇಲೆ ಅದನ್ನು ಊರಿನ ಹಿರಿಯ ರೈತರೊಬ್ಬರಿಗೆ ತೋರಿಸಿ. ನೀರು ಹರಿಯುವ ಹಾದಿ ಅವರಿಗೆ ಗೊತ್ತು. ಅವರು ಚಿತ್ರ ನೋಡಿ ಇದು ನಮ್ಮೂರೇ ಎಂದು ಗುರುತಿಸಿದರೆ ನಿಮ್ಮ ಗ್ರಾಫ್ ಉತ್ತೀರ್ಣ.